ಒಬ್ಬನೇ, ಎದುರಿಗೆ ಮೂವರು: ಐದು ನಿಮಿಷದ ಒಂದು ಆಕಾಶ ಕಾಳಗ

ಕಂಪ್ಯೂಟರ್ ಆಟವೊಂದರಲ್ಲಿ ನಡೆದ ಈ ಕಾಳಗದ ರೆಕಾರ್ಡಿಂಗನ್ನು ನಾನು ಮೂವತ್ತಕ್ಕಿಂತ ಜಾಸ್ತಿ ಸಲ ನೋಡಿದ್ದೇನೆ. ಇಡೀ ಘಟನೆ ಐದು ನಿಮಿಷದ್ದು. ನಾನೊಬ್ಬ, ಎದುರಿಗೆ ಮೂವರು. ಮೊದಲ ಮೂರು ನಿಮಿಷ ನಾನು ಯಾರ ಕೈಗೂ ಸಿಗಲಿಲ್ಲ, ಒಬ್ಬನಿಗೆ ಪೆಟ್ಟನ್ನೂ ಕೊಟ್ಟೆ. ಆಮೇಲಿನ 14 ಸೆಕೆಂಡಿನಲ್ಲಿ ಅಷ್ಟೂ ಕೈತಪ್ಪಿತು. ಆ 14 ಸೆಕೆಂಡು ಹೇಗೆ ಬಂತು ಅಂತ ಹುಡುಕುತ್ತಾ ಹೋದಾಗ, ಹಲವರ ಎದುರು ಒಬ್ಬನೇ ಹಾರುವುದರ ಬಗ್ಗೆ ನನ್ನ ಲೆಕ್ಕವೇ ತಪ್ಪಾಗಿತ್ತು ಅಂತ ತಿಳಿಯಿತು. ಅದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಸನ್ನಿವೇಶ

ಆಟ ಐಎಲ್-2 ಗ್ರೇಟ್ ಬ್ಯಾಟಲ್ಸ್, ಹಳೆಯ ಯುದ್ಧವಿಮಾನಗಳನ್ನು ಆನ್‌ಲೈನ್‌ನಲ್ಲಿ ಹಾರಿಸುವ ಆಟ. ಎರಡನೇ ಮಹಾಯುದ್ಧದ ಕೊನೆಯ ತಿಂಗಳುಗಳು, ರೈನ್ ನದಿಯ ಸುತ್ತಲಿನ ನಕ್ಷೆ. ನಾವು ಆಡುತ್ತಿದ್ದ ಸರ್ವರ್‌ನಲ್ಲಿ ವಿಮಾನಗಳ ಮೇಲೆ ಹೆಸರು, ದೂರ, ಬಣ್ಣ ಯಾವ ಗುರುತೂ ಇರುವುದಿಲ್ಲ. ದೂರದಲ್ಲಿ ಒಂದು ಚುಕ್ಕೆ ಕಾಣುತ್ತದೆ, ಅಷ್ಟೇ. ಅದು ನಮ್ಮವನೋ ಶತ್ರುವೋ ಅಂತ ರೆಕ್ಕೆಯ ಆಕಾರ ನೋಡಿಯೇ ಗುರುತು ಹಿಡಿಯಬೇಕು.

ನಾನು ಅಮೆರಿಕದ ಪಿ-51ಡಿ ಮಸ್ಟಾಂಗ್ ಫೈಟರ್‌ನಲ್ಲಿದ್ದೆ. ಗೆಳೆಯ ಅಮೆರಿಕದ್ದೇ ಆದ ಪಿ-47 ಥಂಡರ್‌ಬೋಲ್ಟ್‌ನಲ್ಲಿ ಬಾಂಬ್ ಹಾಕಿ ವಾಪಸ್ ಬರುತ್ತಿದ್ದ. ನೆಲದಿಂದ ಹಾರಿಸಿದ ಗುಂಡು ತಾಗಿ ಅವನ ಇಂಜಿನ್ನಿನಿಂದ ಎಣ್ಣೆ ಸೋರುತ್ತಿತ್ತು. 1500 ಮೀಟರ್ ಎತ್ತರ, ಗಂಟೆಗೆ 300 ಕಿ.ಮೀ. ವೇಗ. ಅದಕ್ಕಿಂತ ಜಾಸ್ತಿ ಎಳೆದರೆ ಇಂಜಿನ್ ಹಿಡಿದುಕೊಳ್ಳುತ್ತದೆ ಅನ್ನೋ ಭಯ. ನಮ್ಮ ಏರ್‌ಫೀಲ್ಡ್ ಪಶ್ಚಿಮಕ್ಕೆ 25 ಕಿ.ಮೀ. ದೂರ. ಅಂದರೆ ಸರಿಯಾಗಿ ಐದು ನಿಮಿಷ. ನಾನು ಅವನ ಹಿಂದೆ, 4000 ಮೀಟರ್ ಎತ್ತರದಲ್ಲಿ ಕಾವಲಿಗೆ ಹಾರುತ್ತಿದ್ದೆ.

ಈಶಾನ್ಯದಲ್ಲಿ ಎರಡು ಚುಕ್ಕೆ ಕಂಡವು. ಹತ್ತಿರ ಬಂದಂತೆ ಜರ್ಮನ್ ಫೈಟರ್ ಬಿಎಫ್ 109 ಅಂತ ಗೊತ್ತಾಯಿತು, ಜಿ-14 ಮಾದರಿ. ಎರಡರ ಮೂಗೂ ಗೆಳೆಯನ ಕಡೆಗೇ ಇತ್ತು. ಹೆಡ್‌ಸೆಟ್‌ನಲ್ಲಿ ಹೇಳಿದೆ. "ನೀನು ಹೋಗು ಗುರು, ನಾನು ಹೇಗೋ ಇಳಿಸ್ತೀನಿ" ಅಂದ. "ನೇರ ಹೋಗ್ತಾ ಇರು, ಹಿಂದೆ ನೋಡ್ಬೇಡ" ಅಂದೆ.

ಆಗ ನನಗೆ ಗೊತ್ತಿಲ್ಲದೇ ಇದ್ದ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಇಬ್ಬರ ಹಿಂದೆ ಮೂರು ಕಿ.ಮೀ. ದೂರದಲ್ಲಿ, 2500 ಮೀಟರ್ ಎತ್ತರದಲ್ಲಿ, ಕಾಡಿನ ಕಪ್ಪು ಹಿನ್ನೆಲೆಯ ಮೇಲೆ ಇನ್ನೊಂದು ಜರ್ಮನ್ ಫೈಟರ್, ಎಫ್‌ಡಬ್ಲ್ಯೂ 190 ಎ-8, ಬರುತ್ತಿತ್ತು. ರೆಕಾರ್ಡಿಂಗ್‌ನಲ್ಲಿ ಅದು ಮೊದಲ ಕ್ಷಣದಿಂದಲೂ ಇದೆ. ನಾನು ನೋಡಿದ್ದು 45ನೇ ಸೆಕೆಂಡಿಗೆ.

ಯಾರ ಕೈಲಿ ಎಷ್ಟು ಎನರ್ಜಿ

ಆಕಾಶದಲ್ಲಿ ಎತ್ತರ ಕೊಟ್ಟು ವೇಗ ಪಡೆಯಬಹುದು, ವೇಗ ಕೊಟ್ಟು ಎತ್ತರ ಪಡೆಯಬಹುದು. ಹಾಗಾಗಿ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿದರೆ, ಆ ವೇಗ ಎಷ್ಟು ಮೀಟರ್ ಎತ್ತರಕ್ಕೆ ಸಮ ಅಂತ ಸಿಗುತ್ತದೆ. ಗಂಟೆಗೆ 400 ಕಿ.ಮೀ. ಅಂದರೆ ಸುಮಾರು 630 ಮೀಟರ್. 600 ಕಿ.ಮೀ. ಅಂದರೆ ಸುಮಾರು 1400 ಮೀಟರ್. ವೇಗ ಒಂದೂವರೆ ಪಟ್ಟು ಆದರೆ ಎನರ್ಜಿ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಬಹಳ ದಿನ ಬೇಕಾಯಿತು.

ನನ್ನ ವೇಗದ ಮುಳ್ಳು 390 ತೋರಿಸುತ್ತಿತ್ತು. 4000 ಮೀಟರ್‌ನಲ್ಲಿ ಗಾಳಿ ತೆಳುವಾಗಿರುವುದರಿಂದ ನಿಜವಾದ ವೇಗ ಸುಮಾರು 480. ಅದನ್ನು ಎತ್ತರಕ್ಕೆ ಬದಲಿಸಿ ಸೇರಿಸಿದರೆ ನನ್ನದು ಒಟ್ಟು 4900 ಮೀಟರ್. 109ಗಳು 3500 ಮೀಟರ್‌ನಲ್ಲಿ 430ರ ವೇಗದಲ್ಲಿದ್ದವು, ಒಟ್ಟು 4200ರ ಸುಮಾರು. ಕಾಣದ 190 ಹತ್ತಿರ ಇದ್ದದ್ದು 3500. ಅಂದರೆ ಮೂವರಿಗಿಂತಲೂ ನಾನು ಮೇಲೆ. ತಲೆ ಎಣಿಸಿದರೆ ಸೋಲು, ಎನರ್ಜಿ ಎಣಿಸಿದರೆ ಗೆಲುವು. ಕಾಳಗಕ್ಕೆ ಇಳಿದದ್ದು ಸರಿಯಾದ ತೀರ್ಮಾನ ಅಂತ ನಾನು ಈಗಲೂ ನಂಬುತ್ತೇನೆ.

ಮೊದಲ ಮೂರು ನಿಮಿಷ

20ನೇ ಸೆಕೆಂಡಿಗೆ ಮೂಗು ತಗ್ಗಿಸಿ ಕೆಳಕ್ಕೆ ಧುಮುಕಿದೆ, ಅಂದರೆ ಡೈವ್ ಶುರು ಮಾಡಿದೆ. ಗುರಿ ಮುಂದಿನವನಲ್ಲ, ಹಿಂದಿನವನು. ಮುಂದಿನವನಿಗೆ ಹೋದರೆ ಹಿಂದಿನವನು ಸಹಜವಾಗಿ ನನ್ನ ಬೆನ್ನಿಗೆ ಬರುತ್ತಾನೆ. ಹಿಂದಿನವನಿಗೆ ಹೋದರೆ ಮುಂದಿನವನು ಪೂರ್ತಿ ತಿರುಗಿ ಬರಬೇಕು.

ಅವರು ಆಟ ಗೊತ್ತಿದ್ದವರು. ನನ್ನನ್ನು ನೋಡಿದ ಕೂಡಲೇ ಬೇರೆಯಾದರು. ಒಬ್ಬ ಎಡಕ್ಕೆ ಮೇಲೆ, ಇನ್ನೊಬ್ಬ ಬಲಕ್ಕೆ ಕೆಳಗೆ. ನಾನು ಯಾರ ಹಿಂದೆ ತಿರುಗಿದರೂ ಇನ್ನೊಬ್ಬನಿಗೆ ನನ್ನ ಬೆನ್ನು ಸಿಗುತ್ತದೆ. ಅಡಕತ್ತರಿಯ ಎರಡು ಬಾಯಿ ತೆರೆದಂತೆ. ಇಬ್ಬರು ಒಬ್ಬನ ವಿರುದ್ಧ ಮಾಡಬಹುದಾದ ಅತ್ಯಂತ ಒಳ್ಳೆಯ ಕೆಲಸ ಇದೇ.

ನಾನು ಯಾರ ಹಿಂದೆಯೂ ಹೋಗಲಿಲ್ಲ. ಗುಂಡೂ ಹಾರಿಸಲಿಲ್ಲ. ಇಬ್ಬರ ನಡುವೆ ಹಾದುಹೋದೆ. ಆ ಹೊತ್ತಿಗೆ ವೇಗ 600 ಮುಟ್ಟಿತ್ತು. ಹಾಗೇ ಎಡಕ್ಕೆ, ಮೇಲೆ ಹೋದವನ ಹೊರಮಗ್ಗುಲಿಗೆ ಮೂಗೆತ್ತಿದೆ. ಈಗ ಮೇಲಿನವನು ನನಗೆ ಹತ್ತಿರ, ಕೆಳಗಿನವನು ಅವನಿಂದಾಚೆ. ಇಬ್ಬರೂ ನನ್ನ ಒಂದೇ ಕಡೆ. ಕೆಳಗಿನವನು ನನ್ನ ಹತ್ತಿರ ಬರಬೇಕಾದರೆ ತನ್ನ ಜೊತೆಗಾರನನ್ನು ದಾಟಿ ಬರಬೇಕು. ಕಾಳಗದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಇದು. ಒಬ್ಬ ಶತ್ರುವನ್ನು ಇನ್ನೊಬ್ಬ ಶತ್ರುವಿಗೆ ಅಡ್ಡ ನಿಲ್ಲಿಸುವುದು. ಇಬ್ಬರೂ ಒಂದೇ ಗೆರೆಯಲ್ಲಿ ಬಂದರೆ, ಆ ಗೆರೆ ಇರುವವರೆಗೆ ನಾನು ಒಬ್ಬನ ಜೊತೆ ಮಾತ್ರ ಕಾದಾಡುತ್ತಿರುತ್ತೇನೆ.

ಇದನ್ನು ಹಿಡಿದಿಡುವುದು ಕಷ್ಟ, ಯಾಕೆಂದರೆ ತಿರುಗುವುದಕ್ಕೆ ಸಮಯ ಬೇಕು. ಗಂಟೆಗೆ 400 ಕಿ.ಮೀ. ವೇಗದಲ್ಲಿ 4 ಜಿ (ಗುರುತ್ವದ ನಾಲ್ಕು ಪಟ್ಟು ಬಲ) ಎಳೆದರೆ, ಪೂರ್ತಿ ಹಿಂದಕ್ಕೆ ತಿರುಗಲು 9 ಸೆಕೆಂಡು ಹಿಡಿಯುತ್ತದೆ. ಆ ಸುತ್ತಿನ ಅಗಲ ಬರೀ 650 ಮೀಟರ್. ಅಂದರೆ ತಿರುಗುತ್ತಿರುವ ವಿಮಾನ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅದೇ 9 ಸೆಕೆಂಡಿನಲ್ಲಿ 500ರ ವೇಗದ ಇನ್ನೊಬ್ಬ 1250 ಮೀಟರ್ ಮುಂದೆ ಬಂದಿರುತ್ತಾನೆ. ಒಂದೂವರೆ ಕಿ.ಮೀ. ದೂರದಲ್ಲಿ "ಇನ್ನೂ ಬಹಳ ದೂರ ಇದ್ದಾನೆ" ಅಂತ ಅನ್ನಿಸಿದವನು, ನಾನು ಒಂದು ಅರ್ಧ ಸುತ್ತು ಮುಗಿಸುವಷ್ಟರಲ್ಲಿ ಗುಂಡು ಹಾರಿಸುವ ದೂರದಲ್ಲಿರುತ್ತಾನೆ.

45ನೇ ಸೆಕೆಂಡಿಗೆ, ಮೇಲೇರುತ್ತಾ ಹಿಂದೆ ನೋಡಿದಾಗ 190 ಕಂಡಿತು. ಎಡಗಡೆ ಹಿಂದೆ, ಬಹಳ ಕೆಳಗೆ. ಮೂಗು ನನ್ನ ಕಡೆ, ಆದರೆ ಮೇಲೆ ಬರುವಷ್ಟು ಎನರ್ಜಿ ಇಲ್ಲ. ಅವನು ಬರಲು ಇನ್ನೂ ಒಂದು ನಿಮಿಷವಾದರೂ ಬೇಕು ಅಂತ ಅಂದಾಜು ಮಾಡಿದೆ. ಆ ಅಂದಾಜು ಸರಿಯಾಗಿಯೇ ಇತ್ತು.

ಎರಡನೇ ಸಲ ಇಳಿದಾಗ ಮೇಲಿನ 109 ಹೊಳ್ಳಿ ನನ್ನನ್ನೇ ಎದುರಿಸಿತು. ಹೆಡ್-ಆನ್. ನಾನು ಒಪ್ಪಲಿಲ್ಲ, ಪಕ್ಕಕ್ಕೆ ಜಾರಿದೆ. ಮುಖಾಮುಖಿ ಗುಂಡಿನಲ್ಲಿ ಯಾರು ಬೇಕಾದರೂ ಬೀಳಬಹುದು, ಇಬ್ಬರೂ ಬೀಳಬಹುದು. ಅವರಿಗೆ ಒಬ್ಬ ಹೋದರೂ ಇನ್ನಿಬ್ಬರು ಉಳಿಯುತ್ತಾರೆ. ನನ್ನ ಕಡೆ ಉಳಿಯುವವರು ಯಾರೂ ಇಲ್ಲ. ನನ್ನ ಹಿಂದೆ ಎಣ್ಣೆ ಸೋರುವ ಒಬ್ಬ ಗೆಳೆಯ ಇದ್ದ.

ಮೂರನೇ ಸಲ ಅವಕಾಶ ಸಿಕ್ಕಿತು. ಅದೇ 109 ನನ್ನ ಹಿಂದೆ ಮೇಲೇರಲು ನೋಡಿ, ತುದಿಯಲ್ಲಿ ವೇಗ ಕಳೆದುಕೊಂಡು ತೂಗಾಡಿತು. ನಾನು ಮೇಲಿನಿಂದ ರೆಕ್ಕೆ ಮಗುಚಿ ಇಳಿದು, 250 ಮೀಟರ್‌ನಲ್ಲಿ ಒಂದೂವರೆ ಸೆಕೆಂಡು ಹಾರಿಸಿದೆ. ಮಸ್ಟಾಂಗ್‌ನ ಆರು ಗನ್‌ಗಳಿಗೆ ಒಟ್ಟು 1880 ಗುಂಡು. ಒಳಗಿನ ಎರಡಕ್ಕೆ ತಲಾ 400, ಉಳಿದ ನಾಲ್ಕಕ್ಕೆ ತಲಾ 270. ಆರೂ ಗನ್ ಒಟ್ಟಿಗೆ ಮಾತಾಡುವುದು ಸುಮಾರು 20 ಸೆಕೆಂಡು ಮಾತ್ರ. ಹಾಗಾಗಿ ಒಂದೂವರೆ ಸೆಕೆಂಡು ಸಣ್ಣದೇನಲ್ಲ. ಅವನ ಎಡ ರೆಕ್ಕೆಯ ಕೆಳಗಿನಿಂದ ಬಿಳಿ ಗೆರೆ ಎಳೆಯಿತು. ರೇಡಿಯೇಟರ್ ಒಡೆದಿತ್ತು.

ಗಡಿಯಾರ 3:08. ಗೆಳೆಯನಿಗೆ ಇನ್ನು ಒಂಬತ್ತೂವರೆ ಕಿ.ಮೀ. ಉಳಿದಿತ್ತು.

ಆ 14 ಸೆಕೆಂಡು

ರೇಡಿಯೇಟರ್ ಒಡೆದ 109 ಕೆಲವು ನಿಮಿಷದಲ್ಲಿ ತಾನೇ ಬಿಸಿಯಾಗಿ ನಿಲ್ಲುತ್ತದೆ. ಅದನ್ನು ಮುಗಿಸಬೇಕಾದ ಅಗತ್ಯವೇ ಇಲ್ಲ. ಇದು ನನಗೆ ಗೊತ್ತಿತ್ತು. ಆದರೂ ಅವನು ಮೂಗು ತಗ್ಗಿಸಿ ಪಶ್ಚಿಮಕ್ಕೆ, ಗೆಳೆಯನ ದಿಕ್ಕಿಗೇ ಡೈವ್ ಮಾಡಿದಾಗ ನಾನು ಹಿಂದೆ ಬಿದ್ದೆ. ಮನಸ್ಸಿನಲ್ಲಿ ಇದ್ದದ್ದು ಎರಡು ಮಾತು. ಇವನು ಸಾಯುವ ಮುಂಚೆ ಗೆಳೆಯನನ್ನು ಹೊಡೆದುಬಿಡುತ್ತಾನೆ. ಇನ್ನೊಂದು, ಇನ್ನು ಎರಡೇ ಸೆಕೆಂಡು, ಗುರಿಗೆ ಬಂದೇ ಬಿಟ್ಟ.

ರೆಕಾರ್ಡಿಂಗ್‌ನಲ್ಲಿ ನನ್ನ ಕಾಕ್‌ಪಿಟ್ ಕ್ಯಾಮೆರಾ ಎತ್ತ ತಿರುಗಿದೆ ಅಂತ ನೋಡಿದೆ. ಮೊದಲ ಮೂರು ನಿಮಿಷ ನಾನು ನಾಲ್ಕೈದು ಸೆಕೆಂಡಿಗೊಮ್ಮೆ ಹಿಂದೆ ನೋಡಿದ್ದೇನೆ. 3:10ರಿಂದ 3:24ರವರೆಗೆ ಒಂದು ಸಲವೂ ನೋಡಿಲ್ಲ. ರೆಕ್ಕೆ ಸಮವಾಗಿದೆ, ಮೂಗು ಒಂದೇ ಕಡೆ. 109 ಅತ್ತಿತ್ತ ಜಾರಿದಂತೆಲ್ಲ "ಇನ್ನೆರಡು ಸೆಕೆಂಡು" ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ. ಎತ್ತರ 900 ಮೀಟರ್ ಇಳಿದಿದೆ. ಆರಂಭದ 4900 ಮೀಟರ್ ಎನರ್ಜಿಯಲ್ಲಿ ಆ ಹೊತ್ತಿಗೆ ಉಳಿದದ್ದು 3100ರ ಸುಮಾರು. ಇಂಜಿನ್ ಇಡೀ ಹೊತ್ತು ದುಡಿಯುತ್ತಲೇ ಇತ್ತು. ಆದರೂ ಪ್ರತಿಯೊಂದು ಗಟ್ಟಿ ತಿರುವು ಸ್ವಲ್ಪ ಸ್ವಲ್ಪ ತಿಂದಿತ್ತು, ಮಿಕ್ಕಿದ್ದನ್ನು ಈ ಬೆನ್ನಟ್ಟುವಿಕೆ ತಿಂದಿತು.

190 ಬಲ ಹಿಂದಿನಿಂದ ಬಂದ. ಆ ಮಾದರಿಯ ಹೆಸರುವಾಸಿ ಗುಣ ರೆಕ್ಕೆ ಮಗುಚುವ ವೇಗ, ಮತ್ತು ನಾಲ್ಕು 20 ಮಿ.ಮೀ. ಕ್ಯಾನನ್. ಒಂದು ಸೆಕೆಂಡಿಗಿಂತ ಕಮ್ಮಿ ಹಾರಿಸಿದ. ನನ್ನ ಬಲ ಏಲರಾನ್ (ವಿಮಾನ ಮಗುಚಲು ರೆಕ್ಕೆಯಲ್ಲಿರುವ ಪಟ್ಟಿ) ಹೋಯಿತು, ಬಾಲದ ಚುಕ್ಕಾಣಿಯಾದ ರಡ್ಡರ್ ಕೆಲಸ ನಿಲ್ಲಿಸಿತು. ನೆಲದ ಕಡೆ ಡೈವ್ ಮಾಡಿದೆ. 190 ಮತ್ತು ಎರಡನೇ 109 ಎರಡೂ ನನ್ನ ಹಿಂದೆ ಬಂದವು. ಮರಗಳ ಮೇಲೆ ಒಂದು ನಿಮಿಷ ತೆವಳಿದಂತೆ ಹಾರಿ, 4:40ಕ್ಕೆ ಹೊಲವೊಂದರಲ್ಲಿ ಹೊಟ್ಟೆ ಮೇಲೆ ಇಳಿಸಿದೆ. ಬಿಳಿ ಗೆರೆಯ 109 ಅದಕ್ಕೂ ಮುಂಚೆ ಇಂಜಿನ್ ನಿಂತು ತಾನೇ ಕೆಳಗಿಳಿದಿತ್ತು. ಗೆಳೆಯನ ಹತ್ತಿರಕ್ಕೂ ಹೋಗಿರಲಿಲ್ಲ.

ಗೆಳೆಯ 5:10ಕ್ಕೆ ಇಳಿದ. ಅವನು ಉಳಿದದ್ದು ನನ್ನ ತೀರ್ಮಾನದಿಂದಲ್ಲ. ಉಳಿದ ಇಬ್ಬರೂ ನನ್ನ ಹಿಂದೆ ನೆಲದವರೆಗೆ ಬಂದದ್ದರಿಂದ. ಅವರಲ್ಲಿ ಒಬ್ಬನೇ ಒಬ್ಬ ನೇರ ಪಶ್ಚಿಮಕ್ಕೆ ಹೋಗಿದ್ದರೂ ಕಥೆ ಬೇರೆ ಇರುತ್ತಿತ್ತು.

ತಪ್ಪಿದ್ದ ಲೆಕ್ಕ

ಮೊದಲು ನಾನು ಇದನ್ನು "ಹಿಂದೆ ನೋಡಲಿಲ್ಲ, ಅದಕ್ಕೇ ಹೊಡೆಸಿಕೊಂಡೆ" ಅಂತ ಬರೆದಿಟ್ಟುಕೊಂಡಿದ್ದೆ. ಅದು ನಿಜ, ಆದರೆ ಸಾಲದು. ಯಾಕೆ ನೋಡಲಿಲ್ಲ? ಕಾಳಗದಲ್ಲಿ ಇಡೀ ಹೊತ್ತು ನನ್ನ ತಲೆಯಲ್ಲಿ ಇದ್ದ ಸಂಖ್ಯೆ ಮೂರು. ಒಬ್ಬನಿಗೆ ಪೆಟ್ಟು ಬಿದ್ದ ಕೂಡಲೇ ಅದು ಎರಡಾಯಿತು. ಇವನನ್ನು ಮುಗಿಸಿದರೆ ಎರಡು ಗ್ಯಾರಂಟಿ ಅಂತ ಮನಸ್ಸು ಹೇಳಿತು. ನಾನು ಸಂಖ್ಯೆ ಇಳಿಸಲು ಹೊರಟಿದ್ದೆ.

ಆದರೆ ಆ ಸಂಖ್ಯೆಗೆ ಅಷ್ಟು ಬೆಲೆ ಇಲ್ಲ. ಬೇರೆ ಪ್ರಶ್ನೆ ಕೇಳಬೇಕಿತ್ತು. ಮುಂದಿನ ಹತ್ತು ಸೆಕೆಂಡಿನಲ್ಲಿ ನನ್ನ ಮೇಲೆ ಗುಂಡು ಹಾರಿಸಬಲ್ಲವರು ಎಷ್ಟು ಜನ? ಹತ್ತು ಸೆಕೆಂಡು ಯಾಕೆಂದರೆ, ಮೇಲೆ ಹೇಳಿದಂತೆ, ಒಂದು ಅರ್ಧ ಸುತ್ತಿಗೆ ಬೇಕಾಗುವ ಸಮಯ ಸುಮಾರು ಅಷ್ಟೇ. ನಾನು ಒಂದು ತಿರುವು ಶುರು ಮಾಡಿ ಮುಗಿಸುವಷ್ಟರಲ್ಲಿ ಯಾರ ಮೂಗು ನನ್ನ ಮೇಲೆ ಬರಬಹುದು ಅನ್ನೋದೇ ಪ್ರಶ್ನೆ.

ಈ ಕಣ್ಣಿನಿಂದ ರೆಕಾರ್ಡಿಂಗ್ ನೋಡಿದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಆರಂಭದಲ್ಲಿ ಶತ್ರುಗಳು ಮೂವರು, ಉತ್ತರ ಸೊನ್ನೆ. ಮೊದಲ ಡೈವ್‌ನಲ್ಲಿ ಇಬ್ಬರ ನಡುವೆ ಹಾದುಹೋದ ಕ್ಷಣ, ಸೊನ್ನೆ. ಹೆಡ್-ಆನ್ ಬಂದಾಗ ಒಬ್ಬ. ಮೂರನೇ ಸಲ ಗುಂಡು ಹಾರಿಸುವಾಗ ಸೊನ್ನೆ, 190 ಇನ್ನೂ ಎರಡೂವರೆ ಕಿ.ಮೀ. ದೂರದಲ್ಲಿತ್ತು. ಮೂರು ನಿಮಿಷವೂ ನಾನು ಮೂವರ ಜೊತೆ ಕಾದಾಡಲೇ ಇಲ್ಲ. ಬಿಳಿ ಗೆರೆ ಬಂದ ಮೇಲೆ, ನನ್ನ ಲೆಕ್ಕದಲ್ಲಿ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಆದರೆ ನಿಜವಾದ ಉತ್ತರ 3:16ಕ್ಕೆ ಸೊನ್ನೆಯಿಂದ ಒಂದಕ್ಕೆ ಏರಿತು, 3:20ಕ್ಕೆ ಎರಡಕ್ಕೆ. ಇಡೀ ಕಾಳಗದಲ್ಲಿ ಅದು ಎರಡಾದದ್ದು ಆಗ ಮಾತ್ರ. ನಾನು ಗೆಲ್ಲುತ್ತಿದ್ದೇನೆ ಅಂತ ಅನ್ನಿಸಿದ ಹೊತ್ತಿಗೇ.

ಇಲ್ಲಿ ನನಗೆ ವೆರ್ನರ್ ಫಾಸ್ ನೆನಪಾಗುತ್ತಾರೆ. 1917ರ ಸೆಪ್ಟೆಂಬರ್ 23ರಂದು ಆ ಜರ್ಮನ್ ಪೈಲಟ್ ತಮ್ಮ ಮೂರು ರೆಕ್ಕೆಯ ಫೋಕರ್‌ನಲ್ಲಿ ಬ್ರಿಟಿಷರ 56ನೇ ಸ್ಕ್ವಾಡ್ರನ್ನಿನ ಎಸ್ಇ5ಎ ವಿಮಾನಗಳ ಗುಂಪಿನ ಜೊತೆ ಹತ್ತು ನಿಮಿಷದಷ್ಟು ಕಾದಾಡಿದರು. ಎದುರಿಗಿದ್ದವರಲ್ಲಿ ಜೇಮ್ಸ್ ಮೆಕ್‌ಕಡನ್ ಅವರಂಥ ನುರಿತವರಿದ್ದರು. ಅವರ ಬಹುಪಾಲು ವಿಮಾನಗಳಿಗೆ ಫಾಸ್ ಗುಂಡು ತಾಗಿಸಿದರು. ಕೊನೆಗೆ ಆರ್ಥರ್ ರೈಸ್ ಡೇವಿಡ್ಸ್ ಅವರ ಗುಂಡಿಗೆ ಬಿದ್ದರು. ಆಗ ಅವರಿಗೆ ಇಪ್ಪತ್ತೇ ವರ್ಷ. ನಮ್ಮದು ಆಟ, ಅವರದು ಪ್ರಾಣ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸಲ್ಲ. ಆದರೆ ಅಷ್ಟು ಜನರ ನಡುವೆ ಒಬ್ಬ ಮನುಷ್ಯ ಹತ್ತು ನಿಮಿಷ ಉಳಿದದ್ದು ಹೇಗೆ ಅಂತ ಯೋಚಿಸಿದಾಗ, ಒಂದೊಂದು ಕ್ಷಣದಲ್ಲಿ ಅವರ ಮೇಲೆ ಮೂಗು ಇಟ್ಟವರು ಒಬ್ಬರೋ ಇಬ್ಬರೋ ಇದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ.

ಗುಂಪಿನವರಿಗೂ ಕಷ್ಟ ಇದೆ. ಅದನ್ನು ನಾವು ಮರೆಯುತ್ತೇವೆ. ನನಗೆ ಕಾಣುವ ಪ್ರತಿ ಚುಕ್ಕೆಯೂ ಶತ್ರು, ಯೋಚಿಸದೆ ಹಾರಿಸಬಹುದು. ಅವರು ಪ್ರತಿ ಸಲ ಇದು ನಮ್ಮವನಾ ಅಂತ ನೋಡಬೇಕು, ಡಿಕ್ಕಿ ಆಗದಂತೆ ನೋಡಬೇಕು. ರೆಕಾರ್ಡಿಂಗ್‌ನಲ್ಲಿ ಎರಡನೇ 109 ಎರಡು ಸಲ ನನ್ನ ಮೇಲೆ ಗುರಿ ಇಟ್ಟು ಹಾರಿಸದೆ ಬಿಟ್ಟಿದೆ. ಎರಡೂ ಸಲ ಅವನ ಜೊತೆಗಾರ ನಡುವೆ ಇದ್ದ. ಮ್ಯಾಚ್ ಮುಗಿದ ಮೇಲೆ 190 ಹಾರಿಸಿದವನು ಚಾಟ್‌ನಲ್ಲಿ ಮಾತಿಗೆ ಸಿಕ್ಕ. ಒಳ್ಳೆಯ ಮನುಷ್ಯ. ನೀನು ಅಲ್ಲಾಡುತ್ತಿರುವವರೆಗೆ ನಾನು ಹತ್ತಿರ ಬರಲಿಲ್ಲ, ರೆಕ್ಕೆ ಸಮ ಆಗಲಿ ಅಂತ ಕಾಯುತ್ತಿದ್ದೆ ಅಂದ.

ಮತ್ತೆ ಆಡಿ ನೋಡಿದ್ದು

ನಾಲ್ಕು ಜನ ಸೇರಿ, 3:08ರ ಕ್ಷಣವನ್ನು ಒಂದು ಖಾಸಗಿ ಮಿಷನ್ ಆಗಿ ಕಟ್ಟಿದೆವು. ಅದೇ ಎತ್ತರ, ಅದೇ ವೇಗ, ಅದೇ ಅಂತರ. ಗೆಳೆಯನ ಪಿ-47 ಬದಲು ಕಂಪ್ಯೂಟರ್ ಹಾರಿಸುವ ವಿಮಾನ.

ಮೊದಲ ಸಲ, ಪೆಟ್ಟು ಬಿದ್ದವನನ್ನು ಬಿಟ್ಟು ತಕ್ಷಣ ಮೇಲೇರಿದೆ. 190 ಹಿಂದೆ ಬರಲು ನೋಡಿ ವೇಗ ಕಳೆದುಕೊಂಡ. ಐದು ನಿಮಿಷ ಮುಗಿಯುವವರೆಗೆ ಇಬ್ಬರನ್ನೂ ಪಶ್ಚಿಮಕ್ಕೆ ಬಿಡಲಿಲ್ಲ. ಗುಂಡು ಹಾರಿಸಲೇ ಇಲ್ಲ. ಮೇಲಿನಿಂದ ಮೂಗು ತೋರಿಸಿದರೆ ಸಾಕು, ಅವರು ತಿರುಗಲೇಬೇಕಾಗುತ್ತಿತ್ತು.

ಎರಡನೇ ಸಲ, ತಪ್ಪಿಸಿಕೊಂಡು ಹೋಗುವುದನ್ನು ನೋಡಬೇಕಿತ್ತು. ಬೇಕೆಂದೇ ತಡ ಮಾಡಿ, 190 ಆರುನೂರು ಮೀಟರ್‌ಗೆ ಬಂದ ಮೇಲೆ ಡೈವ್ ಮಾಡಿದೆ. ಮಸ್ಟಾಂಗ್ ಡೈವ್‌ನಲ್ಲಿ ವೇಗ ಅಂತ ಎಲ್ಲರೂ ಹೇಳುತ್ತಾರೆ. ಕೊನೆಗೆ ಅದು ನಿಜವೇ. ಆದರೆ 190 ಕೂಡ ಡೈವ್‌ಗೆ ಸಲೀಸಾಗಿ ಇಳಿಯುತ್ತದೆ. ಅಂತರ ಬೆಳೆಯುವ ಮುಂಚೆ ಅವನಿಗೆ ಹಾರಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ಬಿದ್ದೆ. ಇನ್ನೊಮ್ಮೆ, ಅವನು ಎರಡು ಕಿ.ಮೀ. ದೂರ ಇರುವಾಗಲೇ ಹೊರಟೆ. ಅವನು ಗುಂಡು ಹಾರಿಸುವ ದೂರಕ್ಕೆ ಬರಲೇ ಇಲ್ಲ. 109 ಸಹ ಬಂತು, ಆದರೆ ಆ ವೇಗದಲ್ಲಿ ವಿಮಾನ ತಿರುಗಿಸುವ ಅದರ ಸ್ಟಿಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ನಾನು ಒಂದು ಸಣ್ಣ ತಿರುವು ಕೊಟ್ಟರೆ ಅದಕ್ಕೆ ಹಿಂಬಾಲಿಸಲು ಆಗಲಿಲ್ಲ. ಓಡುವುದು ಕೊನೆಯ ದಾರಿ ಅಂತ ಇಟ್ಟುಕೊಂಡರೆ, ಆ ದಾರಿ ಬೇಕಾದಾಗ ಮುಚ್ಚಿರುತ್ತದೆ.

ಕೊನೆಯ ಸಲ ಜಾಗ ಬದಲಿಸಿದೆವು. ಥಂಡರ್‌ಬೋಲ್ಟ್‌ನ ಗೆಳೆಯ ಮಸ್ಟಾಂಗ್‌ಗೆ ಕೂತ. ನಾನು 190ಗೆ ಹೋದೆ. ಅವನಿಗೆ ಒಂದೇ ಕೆಲಸ ಕೊಟ್ಟಿದ್ದೆ. ಹಾರುತ್ತಾ ಜೋರಾಗಿ ಎಣಿಸಬೇಕು. ಹತ್ತು ಸೆಕೆಂಡಿನ ಎಣಿಕೆ.

"ಯಾರೂ ಇಲ್ಲ" ಅಂದ. 109 ಬಿಳಿ ಗೆರೆ ಎಳೆಯುತ್ತಾ ಪಶ್ಚಿಮಕ್ಕೆ ಬಾಗಿತು. ಅವನ ಮೂಗು ಅದರ ಹಿಂದೆ ತಗ್ಗಿತು. ನಾನು ಬಲಗಡೆಯಿಂದ, ಸ್ವಲ್ಪ ಕೆಳಗಿನಿಂದ, ಥ್ರಾಟಲ್ ಪೂರ್ತಿ ಕೊಟ್ಟು ಬರುತ್ತಿದ್ದೆ. ಅವನ ರೆಕ್ಕೆ ಸಮವಾಯಿತು. ಆ ಕುರ್ಚಿಯಿಂದ ನೋಡುವಾಗ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂದರೆ, ಬಾಗಿಲು ತೆರೆದಂತೆ. ಒಂದು, ಎರಡು, ಮೂರು ಸೆಕೆಂಡು.

"ಒಬ್ಬ" ಅಂದ ಅವನು. ಇನ್ನೂ ಮೂಗು 109ರ ಮೇಲೇ ಇತ್ತು. "ಇಬ್ರು" ಅಂದ.

ಮಾತು ಮುಗಿಯುವ ಮುಂಚೆ ಅವನ ರೆಕ್ಕೆ ಮಗುಚಿತು. 109ನ್ನು ಬಿಟ್ಟು, ನನ್ನ ಕಡೆಗೆ ಹೊಳ್ಳಿ, ನನ್ನ ತಲೆಯ ಮೇಲಿಂದ ಹಾದು ಮೇಲಕ್ಕೆ ಹೋದ. ನಾನು ಮೂಗೆತ್ತಿ ಹಿಂಬಾಲಿಸಲು ನೋಡಿದೆ. ವೇಗ ಸಾಲಲಿಲ್ಲ, ವಿಮಾನ ನಡುಗಿತು, ಮೂಗು ತಾನೇ ಕೆಳಗೆ ಬಿತ್ತು.

ಹೆಡ್‌ಸೆಟ್‌ನಲ್ಲಿ ಅವನ ಧ್ವನಿ ಬಂತು. "ಯಾರೂ ಇಲ್ಲ."